ಅಂಗಾಲ ಹುಣ್ಣಿಗೆ ಕನ್ನಡಿ ಬೇಕು

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಕಣ್ಣೆದುರಿಗೇ ಇರುವುದಕ್ಕೆ ಬೇರೆ ಸಾಕ್ಷಿ ಏಕೆ ಎಂಬುದು ಅದರ ತಾತ್ಪರ್ಯ. ಆದರೆ ಹುಣ್ಣು ಅಂಗೈಯಿಂದ ಅಂಗಾಲಿಗೆ ಇಳಿಯಿತೆಂದರೆ ಗಾದೆ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ವೈದ್ಯರು ಹೇಳುವ ಮೊದಲ ಮಾತುಗಳಲ್ಲಿ ಒಂದು, ‘ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ’ ಎಂಬುದು. ನೋವಿಲ್ಲದ ಹುಣ್ಣು ತಾನಾಗಿ ಕೂಗಿ ಕರೆಯುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಕಾಲಿನ ಹುಣ್ಣು ದೊಡ್ಡ ರೋಗಗಳ ಪಟ್ಟಿಯಲ್ಲಿ ಸೇರಿದ್ದಲ್ಲ. ಅದಕ್ಕೆ ಸುದ್ದಿಯ ಮರ್ಯಾದೆಯೂ ಇಲ್ಲ. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಾದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ಬದುಕು ನಡೆಯುವುದೇ ಕಾಲಿನ ಮೇಲೆ. ಮೊಣಕಾಲುದ್ದ ಕೆಸರಲ್ಲಿ ನಿಂತು ಭತ್ತದ ಸಸಿ ನೆಡುವವರು, ಕಬ್ಬಿನ ಗದ್ದೆಯಲ್ಲಿ ಕತ್ತಿ ಹಿಡಿದವರು, ಎಮ್ಮೆಗಳ ಹಿಂದೆ ಕಾಡು ಸುತ್ತುವ ಗೌಳಿಗರು, ಜೋಯಿಡಾದ ಗುಡ್ಡಗಳ ನಡುವೆ ಗೆಡ್ಡೆ-ಗೆಣಸು ಬೆಳೆಯುವ ಕುಣಬಿಗಳು, ಹಳಿಯಾಳ-ಮುಂಡಗೋಡದ ಕಾಡಂಚಿನ ಸಿದ್ದಿಗಳು, 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದಾಗಿ ಪೇಟೆಯಾಗಿ ಬೆಳೆದ ದಾಂಡೇಲಿಯಲ್ಲಿ ಪಾಳಿಯ ಮೇಲೆ ದುಡಿಯುವವರು, 1966ರಲ್ಲಿ ಮುಂಡಗೋಡಿಗೆ ಬಂದು ನೆಲೆಸಿ ಈಗ ವೃದ್ಧಾಪ್ಯದಲ್ಲಿರುವ ಟಿಬೆಟನ್ ನಿರಾಶ್ರಿತರ ಮೊದಲ ತಲೆಮಾರು - ಯಾರನ್ನೇ ನೋಡಿ, ಕಾಲು ಕೆಟ್ಟರೆ ಅನ್ನ ಕೆಟ್ಟಂತೆ. ಸಂತೆಯ ದಿನ ಬಸ್‌ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತರೆ ಸಾಕು, ಹಿಮ್ಮಡಿಯ ಗಂಟಿನ ಮೇಲೆ ಹಳೆಯ ಸೀರೆಯ ಪಟ್ಟಿ ಸುತ್ತಿಕೊಂಡ ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಕೇಳಿದರೆ ಉತ್ತರ ಸಿದ್ಧ: ‘ಮುಳ್ಳು ಚುಚ್ಚಿತ್ತು, ನಂಜಾಯಿತು, ಮಾಯ್ತಾ ಇಲ್ಲ.’ ಎಷ್ಟು ದಿನವಾಯಿತು ಎಂದು ಕೇಳಿದರೆ ದಿನದ ಲೆಕ್ಕ ಸಿಗುವುದಿಲ್ಲ, ಮಳೆಗಾಲದ ಲೆಕ್ಕ ಸಿಗುತ್ತದೆ.

ಇಂಥವರು ಎಲ್ಲರಲ್ಲೂ ಕೇಳುವ ಪ್ರಶ್ನೆ ಒಂದೇ: ‘ಇದಕ್ಕೆ ಏನು ಹಚ್ಚಬೇಕು?’ ಅರಿಶಿನ, ಸುಣ್ಣ, ಕಾಫಿಪುಡಿ, ಬೀಡಿಯ ಬೂದಿ, ಮಾತ್ರೆಯ ಪುಡಿ, ಅಂಗಡಿಯ ಮುಲಾಮು - ಹಚ್ಚದೆ ಉಳಿದದ್ದು ಕಡಿಮೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ‘ಇದು ಏಕೆ ಮಾಯುತ್ತಿಲ್ಲ?’ ಆರೋಗ್ಯವಂತ ಕಾಲಿಗೆ ಮುಳ್ಳು ಚುಚ್ಚಿದ ಗಾಯ ಔಷಧವಿಲ್ಲದೆಯೂ ಒಂದೆರಡು ವಾರದಲ್ಲಿ ಮಾಯುತ್ತದೆ. ಮಾಯದಿದ್ದರೆ ದೋಷ ಮುಳ್ಳಿನದ್ದಲ್ಲ, ಕಾಲಿನದ್ದು. ಹುಣ್ಣು ರೋಗವಲ್ಲ, ಒಳಗಿನ ರೋಗಕ್ಕೆ ತೆರೆದ ಕಿಟಕಿ. ಆ ಒಳಗಿನ ರೋಗ ಯಾವುದೆಂದು ಹುಣ್ಣು ಇರುವ ಜಾಗವೇ ಬಹುಮಟ್ಟಿಗೆ ಹೇಳಿಬಿಡುತ್ತದೆ.

ಮೇಲಕ್ಕೆ ಹತ್ತಲಾರದ ರಕ್ತ

ಹೃದಯದಿಂದ ಪಾದಕ್ಕೆ ಇಳಿದ ರಕ್ತ ಮತ್ತೆ ಮೇಲೆ ಹತ್ತಬೇಕು. ಬಾವಿಯಿಂದ ನೀರು ಸೇದಿದಂತೆ ಇದು ಕಷ್ಟದ ಕೆಲಸ. ಈ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳಲ್ಲಿ ಅಲ್ಲಲ್ಲಿ ಸಣ್ಣ ಕವಾಟಗಳಿವೆ. ಮೇಲೆ ಹೋದ ರಕ್ತ ಕೆಳಗೆ ಜಾರದಂತೆ ಅವು ಮುಚ್ಚಿಕೊಳ್ಳುತ್ತವೆ. ಇಟಲಿಯ ಪಾಡುವಾದಲ್ಲಿ ಅಂಗರಚನೆ ಕಲಿಸುತ್ತಿದ್ದ ಫ್ಯಾಬ್ರಿಷಿಯಸ್ 1603ರಲ್ಲಿ ಈ ಕವಾಟಗಳ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಆದರೆ ಅವು ಇರುವುದು ಏತಕ್ಕೆಂದು ಅವನಿಗೆ ಸರಿಯಾಗಿ ಹೊಳೆಯಲಿಲ್ಲ. ಅದು ಹೊಳೆದದ್ದು ಅವನ ಶಿಷ್ಯ ವಿಲಿಯಂ ಹಾರ್ವೆಗೆ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು 1628ರಲ್ಲಿ ಸಾಧಿಸಿ ತೋರಿಸುವಾಗ ಹಾರ್ವೆ ಈ ಕವಾಟಗಳನ್ನೇ ಸಾಕ್ಷಿಯಾಗಿ ಮುಂದಿಟ್ಟ.

ರಕ್ತವನ್ನು ಮೇಲೆ ತಳ್ಳುವುದು ಮೀನಖಂಡದ ಸ್ನಾಯು. ನಾವು ನಡೆಯುವಾಗ ಅದು ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ದೂಡುತ್ತದೆ. ಅದಕ್ಕೇ ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದುಂಟು. ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುವವರಲ್ಲಿ ಈ ಪಂಪು ಕೆಲಸ ಮಾಡುವುದಿಲ್ಲ. ಹಲವು ಹೆರಿಗೆಗಳಾದ ಹೆಂಗಸರು, ಸ್ಥೂಲಕಾಯರು, ಹಿಂದೊಮ್ಮೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಮನೆತನದಲ್ಲೇ ಈ ತೊಂದರೆ ಇರುವವರು - ಇವರಲ್ಲಿ ಕವಾಟಗಳು ಬೇಗ ಸೋಲುತ್ತವೆ. ಸೋತ ಅಭಿಧಮನಿಗಳು ಹುರಿಯಂತೆ ಉಬ್ಬಿ ಸುರುಳಿಯಾಗುತ್ತವೆ. ನಮ್ಮ ಜನ ಇವನ್ನು ‘ನರ ಉಬ್ಬಿದೆ’ ಎನ್ನುತ್ತಾರೆ. ಅವು ನರಗಳಲ್ಲ, ರಕ್ತನಾಳಗಳು. ಆಸ್ಪತ್ರೆಯ ಭಾಷೆಯಲ್ಲಿ ವೆರಿಕೋಸ್ ವೇನ್ಸ್.

ಇದರಿಂದ ಬರುವ ಹುಣ್ಣಿನ ಜಾಗ ಗೊತ್ತಾದದ್ದು: ಹಿಮ್ಮಡಿಯ ಒಳಗಂಟಿನ ಮೇಲ್ಭಾಗ. ಹುಣ್ಣು ಬರುವುದಕ್ಕೆ ವರ್ಷಗಳ ಮೊದಲೇ ಕಾಲು ಸೂಚನೆ ಕೊಡುತ್ತದೆ. ಸಂಜೆಯ ಹೊತ್ತಿಗೆ ಪಾದ ಊದುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಗಂಟಿನ ಸುತ್ತ ಚರ್ಮ ಕಂದುಗಟ್ಟುತ್ತದೆ, ತುರಿಸುತ್ತದೆ, ಆಮೇಲೆ ಹಲಗೆಯಂತೆ ಗಟ್ಟಿಯಾಗುತ್ತದೆ. ಒಂದು ದಿನ ಉಗುರು ತಾಗಿಯೋ, ಉಂಬಳ ಕಚ್ಚಿದಲ್ಲಿ ಕೆರೆದೋ ಚರ್ಮ ಬಿರಿಯುತ್ತದೆ. ಹುಣ್ಣು ಅಗಲವಾಗಿರುತ್ತದೆ, ಆಳವಿರುವುದಿಲ್ಲ, ಅಂಚು ಅಂಕುಡೊಂಕು, ಸದಾ ನೀರು ಒಸರುತ್ತದೆ. ಕಾಲು ಎತ್ತಿಟ್ಟುಕೊಂಡರೆ ನೋವು ಕಡಿಮೆ ಎನಿಸುತ್ತದೆ. ಮೊಣಕಾಲಿನ ಕೆಳಗಿನ ಬಹುಕಾಲದ ಹುಣ್ಣುಗಳಲ್ಲಿ ಹೆಚ್ಚಿನವು ಈ ಜಾತಿಯವು.

ಕೆಳಗೆ ಇಳಿಯದ ರಕ್ತ

ಎರಡನೆಯ ಜಾತಿ ಇದಕ್ಕೆ ವಿರುದ್ಧ. ಇಲ್ಲಿ ಪಾದಕ್ಕೆ ರಕ್ತ ತರುವ ಅಪಧಮನಿಗಳೇ ಒಳಗಿಂದೊಳಗೆ ಕಟ್ಟಿಕೊಂಡಿರುತ್ತವೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದೆ ಪೈರು ಒಣಗಿದಂತೆ, ಕಾಲಿನ ತುದಿಯೇ ಮೊದಲು ಬಾಡುತ್ತದೆ. ಹುಣ್ಣು ಬೆರಳ ತುದಿಯಲ್ಲಿ, ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ ಅಥವಾ ಮೊಣಕಾಲ ಕೆಳಗಿನ ಹೊರಬದಿಯಲ್ಲಿ ಕಾಣಿಸುತ್ತದೆ. ಅಚ್ಚು ಒತ್ತಿ ತೆಗೆದಂತೆ ಅಂಚು ನೇರ, ತಳ ಮಾಸಲು, ರಕ್ತ ಒಸರುವುದಿಲ್ಲ. ಪಾದ ತಣ್ಣಗೆ; ಚರ್ಮ ಮಿರುಗುತ್ತದೆ, ರೋಮ ಉದುರಿರುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ರಾತ್ರಿ ನೋವು ತಡೆಯಲಾರದೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಿತವೆನಿಸುತ್ತದೆ. ಕಾಲು ಎತ್ತಿದರೆ ಹಿತವೋ ಇಳಿಸಿದರೆ ಹಿತವೋ ಎಂಬ ಒಂದು ಪ್ರಶ್ನೆಯಿಂದಲೇ ಅನುಭವಿ ವೈದ್ಯ ಅರ್ಧ ದಾರಿ ಕ್ರಮಿಸುತ್ತಾನೆ.

ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದಕ್ಕೆ ಕಾರಣಗಳು. ಆದರೆ ನಲವತ್ತು ತುಂಬದ ಗಂಡಸರಲ್ಲೂ ಬೆರಳು ಕಪ್ಪಾಗುವುದನ್ನು ನಮ್ಮ ಆಸ್ಪತ್ರೆಗಳು ನೋಡುತ್ತಲೇ ಇವೆ. ಅಮೆರಿಕದ ವೈದ್ಯ ಲಿಯೋ ಬರ್ಗರ್ 1908ರಲ್ಲಿ ವಿವರವಾಗಿ ಬರೆದಿಟ್ಟದ್ದರಿಂದ ಅದಕ್ಕೆ ಬರ್ಗರ್ ಕಾಯಿಲೆ ಎಂದು ಹೆಸರು. ಅದರ ಬೇರು ಹೊಗೆಸೊಪ್ಪಿನಲ್ಲಿದೆ, ನಮ್ಮಲ್ಲಿ ವಿಶೇಷವಾಗಿ ಬೀಡಿಯಲ್ಲಿ. ಬೀಡಿ ಬಿಟ್ಟವನ ಕಾಲು ಉಳಿಯುವ ಸಂಭವ ಹೆಚ್ಚು. ಬಿಡದವನಿಗೆ ಯಾವ ಔಷಧವೂ ನಿಲ್ಲುವುದಿಲ್ಲ. ‘ದಿನಕ್ಕೆ ಎರಡೇ’ ಎಂಬ ರಾಜಿ ಇಲ್ಲಿ ನಡೆಯುವುದಿಲ್ಲ.

ನೋವೆಂಬ ಕಾವಲುಗಾರ

ಮೂರನೆಯದು ಅಂಗಾಲಿನ ಹುಣ್ಣು. ಹೆಬ್ಬೆರಳ ಬುಡದಲ್ಲಿ, ಹಿಮ್ಮಡಿಯ ಕೆಳಗೆ, ದೇಹದ ಭಾರವೆಲ್ಲ ಬೀಳುವ ಜಾಗದಲ್ಲಿ ಮೊದಲು ಚರ್ಮ ಜಡ್ಡುಗಟ್ಟುತ್ತದೆ. ಆಮೇಲೆ ಆ ಜಡ್ಡಿನ ಅಡಿಯಲ್ಲಿ ಗುಂಡಗೆ ಆಳವಾದ ಹುಣ್ಣಾಗುತ್ತದೆ. ನೋಡಿದವರಿಗೆ ಭಯ, ಆದರೆ ಹುಣ್ಣಿನವರಿಗೆ ನೋವೇ ಇಲ್ಲ. ನೋವಿಲ್ಲದ್ದರಿಂದಲೇ ಅವರು ಅದರ ಮೇಲೆ ನಡೆಯುತ್ತಾರೆ; ನಡೆಯುವುದರಿಂದಲೇ ಅದು ಮಾಯುವುದಿಲ್ಲ.

ಈ ಗುಟ್ಟನ್ನು ಬಿಡಿಸಿದ ಕೀರ್ತಿಯ ದೊಡ್ಡ ಪಾಲು ನೆರೆಯ ತಮಿಳುನಾಡಿಗೆ ಸಲ್ಲಬೇಕು. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿಗೆ ಬಂದಾಗ, ಕುಷ್ಠ ರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಉದುರುತ್ತವೆ ಎಂದೇ ಜಗತ್ತು ನಂಬಿತ್ತು. ಬ್ರಾಂಡ್ ಮತ್ತು ಸಂಗಡಿಗರು ರೋಗಿಗಳ ದಿನಚರಿಯನ್ನು ಹತ್ತಿರದಿಂದ ನೋಡಿದರು. ಮಾಂಸ ತಾನಾಗಿ ಕೊಳೆಯುತ್ತಿರಲಿಲ್ಲ. ಸ್ಪರ್ಶಜ್ಞಾನ ಇಲ್ಲದ್ದರಿಂದ ರೋಗಿ ಬಿಸಿ ಪಾತ್ರೆಯನ್ನು ಬಿಡುತ್ತಿರಲಿಲ್ಲ, ಚಪ್ಪಲಿಯಲ್ಲಿದ್ದ ಮೊಳೆಯನ್ನು ಅರಿಯುತ್ತಿರಲಿಲ್ಲ, ಹುಣ್ಣಾದ ಕಾಲಿನಿಂದಲೇ ಮೈಲಿ ನಡೆಯುತ್ತಿದ್ದ. ಭಾರ ತಪ್ಪಿಸಲು ಪಾದಕ್ಕೆ ಪ್ಲಾಸ್ಟರ್ ಹಾಕಿದಾಗ ವರ್ಷಗಳ ಹುಣ್ಣು ವಾರಗಳಲ್ಲಿ ಮಾಯಿತು. ಮೃದು ರಬ್ಬರಿನ ಚಪ್ಪಲಿಗಳು ಅಲ್ಲಿಂದ ಬಳಕೆಗೆ ಬಂದವು. ನೋವು ಶತ್ರುವಲ್ಲ, ಕಾವಲುಗಾರ ಎಂಬ ಈ ಪಾಠ ಕುಷ್ಠದಿಂದ ಸಕ್ಕರೆ ಕಾಯಿಲೆಗೆ ಸಾಗಿತು. ಇಂದು ಮಧುಮೇಹಿಗಳ ಪಾದದ ಚಿಕಿತ್ಸೆಗೆ ತಳಹದಿ ಇದೇ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇದು ಪೇಟೆಯವರ ಕಾಯಿಲೆ ಎಂಬ ಕಾಲ ಹೋಯಿತು. ಕುಷ್ಠವಾದರೋ ಬಹು ಔಷಧ ಚಿಕಿತ್ಸೆಯಿಂದ ಆರು ತಿಂಗಳಲ್ಲೋ ವರ್ಷದಲ್ಲೋ ಗುಣವಾಗುತ್ತದೆ, ಔಷಧ ಉಚಿತ. ಆದರೆ ಒಮ್ಮೆ ಸತ್ತ ನರ ಎಷ್ಟೋ ವೇಳೆ ಮರಳುವುದಿಲ್ಲವಾದ್ದರಿಂದ, ರೋಗ ಹೋದ ಮೇಲೂ ಹುಣ್ಣು ಬರಬಹುದು. ಅಂಥ ಹುಣ್ಣಿನಿಂದ ಯಾರಿಗೂ ಕುಷ್ಠ ಅಂಟುವುದಿಲ್ಲ.

ಉಳಿದ ಕಾರಣಗಳು

ಈ ಮೂರರ ಆಚೆಗೂ ಕೆಲವು ಕಾರಣಗಳಿವೆ. ಎರಡು-ಮೂರು ಕಾರಣಗಳು ಒಂದೇ ಕಾಲಿನಲ್ಲಿ ಕೂಡಿಕೊಳ್ಳುವುದೂ ಅಪರೂಪವಲ್ಲ.

ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಗ್ರೆನೆಡಾ ದ್ವೀಪದಿಂದ ಬಂದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡು ವರದಿ ಮಾಡಿದ. ಆ ಯುವಕನ ಕಾಲುಗಳಲ್ಲಿ ಹಳೆಯ ಹುಣ್ಣುಗಳ ಕಲೆಗಳಿದ್ದವು. ಕುಡುಗೋಲು ಕಣ ರೋಗದ ಮೊದಲ ವೈದ್ಯಕೀಯ ವರದಿಯಲ್ಲೇ ಕಾಲಿನ ಹುಣ್ಣು ಸೇರಿಕೊಂಡದ್ದು ಹೀಗೆ. ಭಾರತದಲ್ಲಿ ಈ ಕಣಗಳನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಕರ್ನಾಟಕವನ್ನೂ ಒಳಗೊಂಡಿದೆ. ಆಫ್ರಿಕಾ ಮೂಲದ ಸಿದ್ದಿಗಳು 2003ರಲ್ಲಿ ನಮ್ಮಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. ಹಾಗೆಂದು ಸಿದ್ದಿಗಳಿಗೆಲ್ಲ ಈ ರೋಗವಿದೆ ಎಂದು ಭಾವಿಸುವುದು ತಪ್ಪು. ಯಾವ ಸಮುದಾಯದವರೇ ಆಗಲಿ, ಎಳೆಯ ವಯಸ್ಸಿನಲ್ಲೇ ಗಂಟಿನ ಬಳಿ ಹುಣ್ಣು, ಜೊತೆಗೆ ರಕ್ತಹೀನತೆ, ಆಗಾಗ ಮೈಕೈ ಮೂಳೆಗಳ ತೀವ್ರ ನೋವು ಇದ್ದರೆ ಒಂದು ರಕ್ತಪರೀಕ್ಷೆ ಮಾಡಿಸಬೇಕು ಎಂದಷ್ಟೇ ಇದರ ಅರ್ಥ.

ಕೊಳಕುಮಂಡಲದ ಕಡಿತ ಇನ್ನೊಂದು ಕಾರಣ. ಜೀವ ಉಳಿದರೂ ಕಚ್ಚಿದ ಜಾಗದ ಮಾಂಸ ಸತ್ತು ತಿಂಗಳುಗಟ್ಟಲೆ ಹುಣ್ಣಾಗಿ ಉಳಿಯಬಹುದು. ಕಚ್ಚಿದಾಗ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಈ ಹಾನಿಯನ್ನು ಹೆಚ್ಚಿಸುತ್ತದೆಯೇ ಹೊರತು ವಿಷವನ್ನು ತಡೆಯುವುದಿಲ್ಲ.

ಕೊನೆಯದು, ಮರೆಯಬಾರದ್ದು. ಹಳೆಯ ಸುಟ್ಟ ಕಲೆಯಲ್ಲೋ ಹತ್ತಾರು ವರ್ಷಗಳ ಹುಣ್ಣಿನಲ್ಲೋ ಕ್ಯಾನ್ಸರ್ ಹುಟ್ಟಬಹುದು. ಫ್ರಾನ್ಸಿನ ಮಾರ್ಜೊಲಿನ್ 1828ರಲ್ಲಿ ಇಂಥ ಹುಣ್ಣುಗಳ ಬಗ್ಗೆ ಬರೆದ. ಇಂದಿಗೂ ಅವು ಅವನ ಹೆಸರನ್ನೇ ಹೊತ್ತಿವೆ. ಅಂಚು ದಪ್ಪವಾಗಿ ಹೊರಕ್ಕೆ ಮಗುಚಿಕೊಂಡರೆ, ಹೂಕೋಸಿನಂತೆ ಮಾಂಸ ಬೆಳೆದರೆ, ಸುಮ್ಮನೆ ರಕ್ತ ಬಂದರೆ, ಅಂಚಿನ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು.

ಪರೀಕ್ಷೆಯ ಕ್ರಮ

ಒಳ್ಳೆಯ ವೈದ್ಯ ಹುಣ್ಣಿನ ಬಟ್ಟೆ ಬಿಚ್ಚಿ ಕೂಡಲೇ ಚೀಟಿ ಬರೆಯುವುದಿಲ್ಲ. ಎರಡೂ ಕಾಲುಗಳನ್ನು ಮೊಣಕಾಲ ಮೇಲಿನವರೆಗೆ ತೆರೆದು ನೋಡುತ್ತಾನೆ, ನಿಲ್ಲಿಸಿ ನೋಡುತ್ತಾನೆ. ಪಾದದ ಮೇಲ್ಭಾಗದಲ್ಲಿ ಮತ್ತು ಒಳಗಂಟಿನ ಹಿಂದೆ ಬೆರಳಿಟ್ಟು ನಾಡಿ ಮಿಡಿಯುತ್ತದೆಯೇ ಎಂದು ಹುಡುಕುತ್ತಾನೆ. ಮುಟ್ಟಿ ಬಿಸಿಯೋ ತಣ್ಣಗೋ ನೋಡುತ್ತಾನೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣುಮುಚ್ಚಿದ ರೋಗಿಗೆ ಅದು ತಿಳಿಯಿತೇ ಎಂದು ಕೇಳುತ್ತಾನೆ. ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತಾನೆ. ಹುಣ್ಣಿನ ಉದ್ದ-ಅಗಲ ಅಳೆದು ಬರೆದಿಡುತ್ತಾನೆ. ತಿಂಗಳ ನಂತರ ಅದು ಗಣನೀಯವಾಗಿ ಕುಗ್ಗದಿದ್ದರೆ ನಿದಾನವೇ ತಪ್ಪಿರಬಹುದೆಂದು ಮೊದಲಿನಿಂದ ಯೋಚಿಸಲು ಈ ಅಳತೆ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬಹಳ ಸರಳವಾದದ್ದು. ರಕ್ತದೊತ್ತಡವನ್ನು ತೋಳಿನಲ್ಲಿ ಅಳೆಯುವಂತೆ ಹಿಮ್ಮಡಿಯ ಗಂಟಿನ ಮೇಲೂ ಪಟ್ಟಿ ಕಟ್ಟಿ, ಡಾಪ್ಲರ್ ಎಂಬ ಪೆನ್ನಿನಂಥ ಸಾಧನದಿಂದ ನಾಡಿಯ ಸದ್ದು ಕೇಳುತ್ತ ಅಳೆಯುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸುತ್ತಾರೆ. ತೋಳಿನಲ್ಲಿ 130, ಕಾಲಿನಲ್ಲಿ 130 ಇದ್ದರೆ ಉತ್ತರ 1; ಪಾದಕ್ಕೆ ರಕ್ತ ಚೆನ್ನಾಗಿ ಇಳಿಯುತ್ತಿದೆ. ಕಾಲಿನಲ್ಲಿ ಬರೀ 65 ಇದ್ದರೆ ಉತ್ತರ 0.5; ಅಪಧಮನಿ ಬಹಳಷ್ಟು ಕಟ್ಟಿಕೊಂಡಿದೆ. 0.9ಕ್ಕಿಂತ ಕಡಿಮೆಯಾದರೆ ಸಂಶಯ, 0.8ಕ್ಕಿಂತ ಕಡಿಮೆಯಾದರೆ ಎಚ್ಚರಿಕೆ. ಮಧುಮೇಹಿಗಳಲ್ಲಿ ರಕ್ತನಾಳ ಸುಣ್ಣಗಟ್ಟಿ ಗಡುಸಾಗಿ ಅಂಕಿ ಸುಳ್ಳೇ ಹೆಚ್ಚು ಬರುವುದುಂಟು; ಆಗ ಬೆರಳಿನ ಒತ್ತಡ ಅಳೆಯಬೇಕು.

ಈ ಅಂಕಿಗೆ ಇಷ್ಟು ಮಹತ್ವವೇಕೆಂದರೆ, ಮೊದಲ ಜಾತಿಯ ಹುಣ್ಣನ್ನು ವಾಸಿ ಮಾಡುವ ಚಿಕಿತ್ಸೆಯೇ ಎರಡನೆಯ ಜಾತಿಯ ಕಾಲನ್ನು ಕೊಲ್ಲಬಲ್ಲದು.

ಬಿಗಿಯಾದ ಪಟ್ಟಿ

ಅಭಿಧಮನಿಯ ಹುಣ್ಣಿಗೆ ನಿಜವಾದ ಔಷಧ ಮುಲಾಮು ಅಲ್ಲ, ಪಟ್ಟಿ. ಬೆರಳ ಬುಡದಿಂದ ಮೊಣಕಾಲ ಕೆಳಗಿನವರೆಗೆ, ಕೆಳಗೆ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಿದ ಪಟ್ಟಿ ಸೋತ ಕವಾಟಗಳ ಕೆಲಸವನ್ನು ಹೊರಗಿನಿಂದ ಮಾಡುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನ ಚರ್ಮವೈದ್ಯ ಉನ್ನಾ 19ನೇ ಶತಮಾನದ ಕೊನೆಯ ಭಾಗದಲ್ಲಿ ಸತುವಿನ ಲೇಪವುಳ್ಳ ಪಟ್ಟಿಯನ್ನು ಕಾಲಿಗೆ ಸುತ್ತಿ ಹೆಸರಾದ. ‘ಉನ್ನಾ ಬೂಟು’ ಇಂದಿಗೂ ಬಳಕೆಯಲ್ಲಿದೆ. ಗಂಟಿನ ಬಳಿ ಸುಮಾರು 40 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೀಳಬೇಕೆಂಬುದು ಲೆಕ್ಕ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ, ಕಾಲು ಊದುವ ಮುನ್ನ ಸುತ್ತಬೇಕು. ಮೊದಲು ಕೆಲವು ಸಲ ಕಲಿತ ನರ್ಸ್ ಕೈಯಲ್ಲೇ ಸುತ್ತಿಸಿಕೊಂಡು ಕಲಿಯಬೇಕು. ಪಟ್ಟಿ ಕಟ್ಟಿಕೊಂಡು ನಡೆಯಬೇಕು. ಕುಳಿತಾಗ ಕಾಲು ಎದೆಗಿಂತ ಎತ್ತರದಲ್ಲಿರಬೇಕು. ಕಟ್ಟಿದ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರಿದರೆ ಕೂಡಲೇ ಬಿಚ್ಚಬೇಕು.

ರಕ್ತ ಇಳಿಯದ ಕಾಲಿಗೆ ಇದೇ ಪಟ್ಟಿ ಬಿಗಿದರೆ ಬರುವ ಅಷ್ಟಿಷ್ಟು ರಕ್ತವೂ ನಿಂತು ಬೆರಳು ಕಪ್ಪಾಗುತ್ತದೆ. ನಾಡಿ ನೋಡದೆ ಪಟ್ಟಿ ಬಿಗಿಯಬಾರದೆಂಬುದು ಅದಕ್ಕೇ. ಎಲ್ಲ ಹುಣ್ಣಿಗೂ ಒಂದೇ ಕಟ್ಟು ಸಲ್ಲದೆಂಬ ಅರಿವು ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತ ಸಂಹಿತೆ ದೇಹದೊಳಗಿನಿಂದ ಹುಟ್ಟಿದ ವ್ರಣ, ಹೊರಗಿನ ಪೆಟ್ಟಿನಿಂದಾದ ವ್ರಣ ಎಂದು ಎರಡಾಗಿ ವಿಂಗಡಿಸಿ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಹದಿನಾಲ್ಕು ಬಗೆಯ ಕಟ್ಟುಗಳನ್ನು ವರ್ಣಿಸಿದ ಆ ಗ್ರಂಥವೇ ಕುಷ್ಠಿಗಳ, ಮಧುಮೇಹಿಗಳ ಹುಣ್ಣುಗಳನ್ನು ಕಟ್ಟಬಾರದವುಗಳ ಪಟ್ಟಿಗೆ ಸೇರಿಸಿದೆ. ಇಂದಿನ ವೈದ್ಯಶಾಸ್ತ್ರ ಆ ಹುಣ್ಣುಗಳನ್ನೂ ಶುದ್ಧ ಬಟ್ಟೆಯಿಂದ ಮುಚ್ಚುತ್ತದೆ ನಿಜ. ಆದರೆ ಕಟ್ಟುವ ಮೊದಲು ಯಾರ ಹುಣ್ಣು, ಏತರ ಹುಣ್ಣು ಎಂದು ಕೇಳಿದ ಆ ವಿವೇಕ ಹಳತಾಗಿಲ್ಲ.

ಅಪಧಮನಿಯ ಹುಣ್ಣಿಗೆ ರಕ್ತದ ದಾರಿ ಬಿಡಿಸುವುದೇ ಚಿಕಿತ್ಸೆ. ಬಲೂನಿನಿಂದಲೋ ಶಸ್ತ್ರಕ್ರಿಯೆಯಿಂದಲೋ ಅದನ್ನು ರಕ್ತನಾಳ ತಜ್ಞರು ಮಾಡಬೇಕು. ಅಂಗಾಲಿನ ಹುಣ್ಣಿಗೆ ಭಾರ ತಪ್ಪಿಸುವುದೇ ಚಿಕಿತ್ಸೆ; ಪ್ಲಾಸ್ಟರ್, ವಿಶೇಷ ಪಾದರಕ್ಷೆ, ಸಕ್ಕರೆಯ ಹತೋಟಿ. ಉಬ್ಬಿದ ಅಭಿಧಮನಿಗಳನ್ನು ಲೇಸರಿನಿಂದ ಅಥವಾ ಔಷಧ ಚುಚ್ಚಿ ಮುಚ್ಚುವ ಕ್ರಮವೂ ಈಗ ಬಂದಿದೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿಯ ಜೊತೆಗೆ ಬೇಗನೆ ಈ ಚಿಕಿತ್ಸೆ ಪಡೆದವರ ಹುಣ್ಣು ಮಾಯಲು ಹಿಡಿದ ಮಧ್ಯಮ ಅವಧಿ 56 ದಿನ. ತಡವಾಗಿ ಪಡೆದವರಲ್ಲಿ 82 ದಿನ.

ಹುಣ್ಣನ್ನು ತೊಳೆಯಲು ಕುದಿಸಿ ಆರಿಸಿದ ನೀರು ಅಥವಾ ಆಸ್ಪತ್ರೆಯ ಉಪ್ಪುನೀರು ಸಾಕು. ನೊರೆಯೇಳುವ ಔಷಧ, ಸ್ಪಿರಿಟ್, ಟಿಂಚರ್ ಕ್ರಿಮಿಯೊಡನೆ ಹೊಸ ಮಾಂಸವನ್ನೂ ಸುಡುತ್ತವೆ. ‘ಹುಣ್ಣು ಗಾಳಿಗೆ ಬಿಟ್ಟರೆ ಒಣಗುತ್ತದೆ’ ಎಂಬುದು ನಮ್ಮೆಲ್ಲರ ನಂಬಿಕೆ. 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹಬ್ಬುವುದನ್ನು ತೋರಿಸಿದ. ಹಾಗಾಗಿ ಹುಣ್ಣನ್ನು ಅಂಟಿಕೊಳ್ಳದ ಶುದ್ಧ ಬಟ್ಟೆಯಿಂದ ಮುಚ್ಚಬೇಕು. ಕಪ್ಪಾಗಿ ಒಣಗಿದ, ರಕ್ತವಿಲ್ಲದ ಬೆರಳಿಗೆ ಮಾತ್ರ ಈ ನಿಯಮ ಸಲ್ಲದು. ಅದು ಒಣಗಿಯೇ ಇರಲಿ. ಇನ್ನು, ಹುಣ್ಣಿದ್ದಲ್ಲೆಲ್ಲ ಕ್ರಿಮಿಗಳಿರುವುದು ಸಹಜ. ಸುತ್ತಲೂ ಕೆಂಪು ಹಬ್ಬಿ, ಬಿಸಿಯಾಗಿ, ಜ್ವರ ಬಂದಾಗಲಷ್ಟೇ ಆಂಟಿಬಯೊಟಿಕ್ ಬೇಕು. ತಿಂಗಳುಗಟ್ಟಲೆ ನುಂಗುವುದರಿಂದ ಹುಣ್ಣು ಮಾಯದು, ಔಷಧ ಮೊಂಡಾಗುತ್ತದೆ.

ನಂಜಿನ ಲೆಕ್ಕ

ನಂಜು ಎಂದರೆ ವಿಷ; ನಂಜುಂಡನ ಹೆಸರೂ ಆ ಮಾತಿನಿಂದಲೇ ಬಂದದ್ದು. ಗಾಯವಾದವರಿಗೆ ನಮ್ಮಲ್ಲಿ ನಂಜಿನ ಪಥ್ಯ ಹೇಳುವ ರೂಢಿ: ಬದನೆ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಕಡಲೆ ಬೇಡ. ಹೀಗೆ ಬೇಡ ಬೇಡ ಎನ್ನುತ್ತ ಕೊನೆಗೆ ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ ಮಾತ್ರ ಉಳಿಯುತ್ತದೆ. ದಿನವೂ ಒಸರುವ ಹುಣ್ಣಿನಿಂದ ದೇಹದ ಸಾರಜನಕಯುಕ್ತ ಅಂಶ ಸೋರಿಹೋಗುತ್ತಿರುತ್ತದೆ. ಹೊಸ ಮಾಂಸ ಕಟ್ಟಲು ಅದೇ ಬೇಕು. ಮೊಟ್ಟೆ, ಮೀನು, ಬೇಳೆ, ಹಾಲು, ಸೊಪ್ಪು, ನೆಲ್ಲಿಕಾಯಿ ಬಿಟ್ಟವರ ಹುಣ್ಣು ಇನ್ನಷ್ಟು ನಿಧಾನವಾಗುತ್ತದೆ. ಆಗ ‘ನಂಜು ಹೆಚ್ಚಾಯಿತು’ ಎಂದು ಪಥ್ಯ ಮತ್ತಷ್ಟು ಬಿಗಿಯಾಗುತ್ತದೆ. ಸಕ್ಕರೆ ಕಾಯಿಲೆಯವರು ಅನ್ನ-ಸಿಹಿಯ ಮಿತಿ ಕಾಯಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು. ಉಳಿದವರಿಗೆ ಹುಣ್ಣಿನ ಕಾಲದಲ್ಲಿ ಬೇಕಾದದ್ದು ಉಪವಾಸವಲ್ಲ, ಊಟ.

ಪಥ್ಯಕ್ಕಿಂತಲೂ ಕಠೋರವಾದದ್ದು ನಾಚಿಕೆ. ವಾಸನೆ ಬರುತ್ತದೆಂದು ಮದುವೆಗೆ ಹೋಗದವರು, ಕುಷ್ಠವೆಂದು ಜನ ಅಂದಾರು ಎಂದು ಕಾಲು ಮುಚ್ಚಿಕೊಂಡವರು, ಯಾವುದೋ ಹಳೆಯ ಶಾಪವೆಂದು ಕೈಚೆಲ್ಲಿದವರು ಆಸ್ಪತ್ರೆಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕಾನೂನು ತೆಗೆದದ್ದೇ 2019ರಲ್ಲಿ. ಮನಸ್ಸಿನಿಂದ ತೆಗೆಯಲು ಇನ್ನೂ ಕಾಲ ಬೇಕಾದೀತು. ದೂರದ ಲೆಕ್ಕವೂ ಇದಕ್ಕೆ ಕೂಡಿಕೊಳ್ಳುತ್ತದೆ. ಜೋಯಿಡಾದ ಒಳಹಳ್ಳಿಯಿಂದ ವಾರಕ್ಕೆರಡು ಸಲ ಪಟ್ಟಿ ಬದಲಿಸಲು ತಾಲ್ಲೂಕು ಕೇಂದ್ರಕ್ಕೆ ಬರುವುದೆಂದರೆ ಎರಡು ದಿನದ ಕೂಲಿ ಹೋದಂತೆ. ಹಾಗಾಗಿ ಮನೆಯಲ್ಲಿ ಒಬ್ಬರು ಪಟ್ಟಿ ಸುತ್ತುವುದನ್ನು ಕಲಿತುಕೊಳ್ಳುವುದು, ಊರಿನ ಆಶಾ ಕಾರ್ಯಕರ್ತೆಯ ನೆರವು ಕೇಳುವುದು ದೊಡ್ಡ ಅನುಕೂಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಆಗಬಹುದು. ಹೆಚ್ಚಿನದಕ್ಕೆ ಹಳಿಯಾಳ, ಮುಂಡಗೋಡದವರಿಗೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಜೋಯಿಡಾದವರಿಗೆ ಕಾರವಾರವೂ ಇವೆ.

ಎರಡು ವಾರವಾದರೂ ಹುಣ್ಣು ಮಾಯುವ ಲಕ್ಷಣ ಕಾಣದಿದ್ದರೆ ತೋರಿಸಬೇಕು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸಣ್ಣ ಬೊಕ್ಕೆ ಎದ್ದರೂ ಮರುದಿನವೇ ತೋರಿಸಬೇಕು. ಬೆರಳು ಕಪ್ಪಾದರೆ, ಪಾದ ಒಮ್ಮೆಲೇ ತಣ್ಣಗಾಗಿ ಬಿಳಿಚಿಕೊಂಡರೆ, ಕೆಂಪು ವೇಗವಾಗಿ ಮೇಲಕ್ಕೆ ಹಬ್ಬಿ ಚಳಿಜ್ವರ ಬಂದರೆ, ಒಂದೇ ಕಾಲು ದಿಢೀರನೆ ಊದಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಉಬ್ಬಿದ ರಕ್ತನಾಳ ಒಡೆದು ರಕ್ತ ಚಿಮ್ಮಿದರೆ ಹೆದರದೆ ಮಲಗಿಸಿ, ಕಾಲೆತ್ತಿ, ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಆಮೇಲೆ ವೈದ್ಯರಲ್ಲಿಗೆ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದು ಬಾಕಿ ಇದೆಯೇ ಎಂದು ಕೇಳಿಕೊಳ್ಳುವುದೂ ಒಳ್ಳೆಯದು.

ಹುಣ್ಣು ಮಾಯಿತೆಂದರೆ ಕೆಲಸ ಮುಗಿಯಲಿಲ್ಲ. ಕವಾಟ ಸೋತ ಕಾಲು ಸೋತದ್ದೇ. ಪಟ್ಟಿಯನ್ನೋ ಬಿಗಿ ಕಾಲುಚೀಲವನ್ನೋ ಬಿಟ್ಟರೆ ಹುಣ್ಣು ಹಳೆಯ ಜಾಗಕ್ಕೇ ಮರಳುತ್ತದೆ. ಸತ್ತ ನರದ ಪಾದಕ್ಕೆ ಮೃದು ಚಪ್ಪಲಿ ಮನೆಯೊಳಗೂ ಬೇಕು. ದಿನಕ್ಕೊಮ್ಮೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ, ಚಪ್ಪಲಿಯೊಳಗೆ ಕಲ್ಲು-ಮೊಳೆ ಇದೆಯೇ ಎಂದು ಕೈಯಾಡಿಸಿ ನೋಡಬೇಕು. ಇದಕ್ಕೆ ಹಿಡಿಯುವುದು ಐದು ನಿಮಿಷ. ಗೋಡೆಯ ಮೇಲೆ ಮುಖ ನೋಡಲು ತೂಗುಹಾಕಿದ ಕನ್ನಡಿಯನ್ನು ರಾತ್ರಿ ಒಮ್ಮೆ ಕೆಳಗಿಳಿಸಿ ನೆಲದ ಮೇಲಿಟ್ಟರೆ ಅಂಗಾಲು ಕಾಣುತ್ತದೆ. ಕಣ್ಣು ಮಂಜಾದ ಹಿರಿಯರಿಗಾಗಿ ಅದನ್ನು ನೋಡಿ ಹೇಳುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು.